ಗೌರವ್ವ ಹೊಲಕ್ಕೆ ಹೋಗಿದ್ದರು

ಗೌರವ್ವ ಹೊಲಕ್ಕೆ ಹೋಗಿದ್ದರು. ದಿನವೂ ಹೋಗಿದ್ದರು. ಹೋಗಿಲ್ಲ ಎಂದು ಅವರ ಮಾವನ ಎದುರು, ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಮಂದಿಯ ಎದುರು ಹೇಳಿದವನು ನಾನು. ತಪ್ಪು ತಿಳಿದು ಹೇಳಿದ್ದಲ್ಲ. ಅವರು ಹೊಲಕ್ಕೆ ಹೋದದ್ದನ್ನು ಅದೇ ದಿನ, ಅದೇ ಮಧ್ಯಾಹ್ನ, ನನ್ನ ಈ ಎರಡು ಕಣ್ಣಿನಿಂದ ನೋಡಿ ಬಂದು — ಹೌದು, ನೋಡಿ ಬಂದು ಹೇಳಿದೆ.

ಇಷ್ಟನ್ನು ಬರೆಯಲು ನನಗೆ ಆರು ವರ್ಷ ಬೇಕಾಯಿತು. ನನ್ನನ್ನು ಬಲ್ಲವರು ನಗಬಹುದು. ನಾನು ಬರೆಯಲು ತಡ ಮಾಡುವವನಲ್ಲ, ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸವೂ ನನಗಿಲ್ಲ. ನಾನು ಹೆಮ್ಮೆಯ ಮನುಷ್ಯ. ಅದನ್ನು ಮುಚ್ಚಿಟ್ಟು, ತಲೆ ತಗ್ಗಿಸಿ, ದೀನನ ವೇಷ ಹಾಕಿಕೊಂಡು ಈ ಮಾತು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಸವನ ಬಾಗೇವಾಡಿಯ ಕಡೆ ಎರೆ ಹೊಲ ಇದ್ದ ಮನೆತನ ನಮ್ಮದು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಭೂಗೋಳ ಕಲಿಸುತ್ತಿದ್ದೆ, ಚೆನ್ನಾಗಿ ಕಲಿಸುತ್ತಿದ್ದೆ. ನನ್ನ ಹಾಗೆ ಕಲಿಸುವವರು ಬಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನೇ ಅಂದುಕೊಂಡಿದ್ದೆ. ಇಬ್ಬರು ಮೂವರಾದರೂ ಅದನ್ನು ಒಪ್ಪಿದ್ದರು.

ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಮಾತಾಡದವರು ಯಾರಿದ್ದಾರೆ? ಆದರೆ ಅದನ್ನು ಅಳೆದವರು ಇರಲಿಲ್ಲ. ನೆಲವನ್ನು ನಾವು ಯಾವುದಕ್ಕೆ ಬಳಸುತ್ತೇವೋ ಅದರ ಮೇಲೆ ಅದರ ಕಾವು ನಿಂತಿದೆ — ಬೆಳೆ ಇದ್ದ ಹೊಲದ ಕಾವು ಒಂದು, ಬೆಳೆ ಕಿತ್ತ ಹೊಲದ್ದು ಇನ್ನೊಂದು, ಮನೆ, ಓಣಿ, ಬಜಾರು ಎದ್ದ ನೆಲದ್ದು ಮತ್ತೊಂದು. ಊರು ಬೆಳೆದಂತೆ ಬಿಸಿ ಹೇಗೆ ಬದಲಾಗುತ್ತದೆ ಎಂದು ನೋಡಬೇಕು, ಅದಕ್ಕೆ ದೂರದ ಮಹಾನಗರಗಳೇ ಬೇಕಿಲ್ಲ, ನಮ್ಮ ಜಿಲ್ಲೆಯ ಊರುಗಳೇ ಸಾಕು ಎಂದು ಹಟ ಹಿಡಿದವನು ನಾನು. ಎಪ್ಪತ್ತರ ದಶಕದ ಆರಂಭದಲ್ಲಿ ಈ ಮಾತು ಕೇಳಿದವರು ನನ್ನ ಮುಖ ನೋಡಿ ನೀರು ಕುಡಿಯಲು ಕೊಡುತ್ತಿದ್ದರು, ತಲೆಗೆ ಬಿಸಿಲು ಹತ್ತಿದೆ ಎಂದುಕೊಂಡು. ಆ ಹಟದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಅದನ್ನು ಮಾತ್ರ ಬಿಟ್ಟುಕೊಡಲಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ನಾಲ್ಕು ಊರು ಆರಿಸಿದೆ. ಊರಿಗೆ ಎರಡರಂತೆ ಎಂಟು ಪೆಟ್ಟಿಗೆಗಳನ್ನು ನಮ್ಮೂರ ಬಡಿಗನ ಹತ್ತಿರ ಕುಳಿತು ಮಾಡಿಸಿದೆ. ನಾಲ್ಕು ಎತ್ತರದ ಕಾಲು, ಗಾಳಿ ಆಡಲು ಸುತ್ತಲೂ ಓರೆ ಪಟ್ಟಿ, ಮೈತುಂಬ ಬಿಳಿ ಬಣ್ಣ, ಒಳಗೆ ನೆರಳಿನಲ್ಲಿ ತೂಗುವ ಉಷ್ಣಮಾಪಕ. ಒಂದು ಪೆಟ್ಟಿಗೆ ಊರ ನಡುವೆ ಯಾರದಾದರೂ ಅಂಗಳದಲ್ಲಿ, ಇನ್ನೊಂದು ಊರ ಹೊರಗೆ ಬಯಲು ಹೊಲದಲ್ಲಿ. ಜನ ಅದಕ್ಕೆ ಬಿಸಿಲ ಪೆಟಿಗಿ ಎಂದು ಹೆಸರಿಟ್ಟರು. ಮುದ್ದೇಬಿಹಾಳದಲ್ಲಿ ನಾನು ತಿರುಗಿ ಹೋಗುವುದರೊಳಗೆ ಅದರ ನಾಲ್ಕೂ ಕಾಲಿಗೆ ಕುಂಕುಮ ಬಿದ್ದಿತ್ತು.

ಊರಿಗೊಬ್ಬರು ದಿನವೂ ಆ ಪೆಟ್ಟಿಗೆ ತೆರೆದು, ಪಾದರಸ ಎಲ್ಲಿಗೆ ಏರಿದೆ ಎಂದು ನೋಡಿ ವಹಿಯಲ್ಲಿ ಬರೆಯಬೇಕು. ಹೊತ್ತು ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಎರಡರ ಹೊತ್ತಿಗೆ ಒಮ್ಮೆ. ಮೊದಲು ಅಂಗಳದ ಪೆಟ್ಟಿಗೆ, ಆಮೇಲೆ ಹೊಲದ್ದು, ತಿರುಗಿ ಬಂದು ಮತ್ತೆ ಅಂಗಳದ್ದು. ಸಿಂದಗಿಯಲ್ಲಿ ಈ ಕೆಲಸಕ್ಕೆ ಒಪ್ಪಿದ್ದವರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಮಾಳಪ್ಪನವರು ಮುಂದೆ ಬಂದರು. ಕುರಿ ಸಾಕುವ ಮನೆತನದ ಹಿರಿಯರು. ಊರೊಳಗಿನ ಪೆಟ್ಟಿಗೆ ಇದ್ದ ಅಂಗಳ, ಊರ ಹೊರಗೆ ಪೆಟ್ಟಿಗೆ ನಿಲ್ಲಿಸಿದ್ದ ಹೊಲ ಎರಡೂ ಅವರದೇ. ತಮ್ಮ ಸೊಸೆ ಗೌರವ್ವ ತವರೂರು ತಂಗಡಗಿಯಲ್ಲಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಾಳೆ, ಓಣಿಗೆಲ್ಲ ಪೇಪರು ಓದಿ ಹೇಳುವವಳು ಅವಳೇ, ಅಂಕಿ ಬರೆಯುವುದು ಅವಳಿಗೇನು ಲೆಕ್ಕ ಎಂದರು. ಗೌರವ್ವನ ಗಂಡ ನಿಂಗಪ್ಪ ಕುರಿ ಹಿಂಡು ಹೊಡೆದುಕೊಂಡು ಹೊಳೆ ದಂಡೆಯ ಹೊಲಗಳಿಗೆ ಹೋದರೆ ಮುಂಗಾರಿನ ಮಿರಗದ ಮಳೆಗೇ ತಿರುಗಿ ಬರುವುದು. ಹರೆಯದ ಸೊಸೆ ದಿನಾ ನಡುಮಧ್ಯಾಹ್ನ ಒಬ್ಬಳೇ ಊರು ದಾಟಿ ಹೋಗುವುದೆಂದರೆ — ಓಣಿಯ ನಾಲಿಗೆ ಸುಮ್ಮನಿರುತ್ತದೆಯೇ? ಬಿಸಿಲಿಗೆ ಹೆದರಿ ನಾಯಿಯೂ ಹೊರಬೀಳದ ಹೊತ್ತು ಅದು. ಒಂದಿಬ್ಬರು ಕೇಳಿಯೂ ಕೇಳಿದರಂತೆ. ಇದು ಪ್ರೊಫೆಸರ ಸಾಹೇಬರ ಕೆಲಸ, ಹಗುರ ಮಾತಾಡಬೇಡಿ ಎಂದು ಮಾಳಪ್ಪನವರು ಅವರ ಬಾಯಿ ಮುಚ್ಚಿಸಿದ್ದರು. ನನ್ನ ಹೆಸರೇ ಆ ಸೊಸೆಗೆ ಕಾವಲಾಗಿತ್ತು. ಇದು ನನಗೆ ಆಗ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ಬರುವಂತಿದ್ದರೆ —

ಇಲ್ಲ. ಗೊತ್ತಿತ್ತು.

ಇದೆಲ್ಲ ನನ್ನ ಡಾಕ್ಟರೇಟಿನ ಪ್ರಬಂಧಕ್ಕಾಗಿ; ಅದಕ್ಕೆ ನನ್ನ ಮಾರ್ಗದರ್ಶಕರು ಹೊರದೇಶದಲ್ಲಿ ಓದಿ ಬಂದವರು. ಅವರ ಪುಸ್ತಕಗಳಲ್ಲಿ ಒಂದು ಮಾತು ಕಲ್ಲಿನ ಮೇಲೆ ಕೆತ್ತಿದಂತೆ ಇತ್ತು: ಊರು ಬಿಸಿ, ಸುತ್ತಲಿನ ಬಯಲು ತಂಪು. ನಾನು ಅದನ್ನು ನಂಬಿದೆ. ನಂಬಿದ್ದು ತಪ್ಪಲ್ಲ. ಆದರೆ ನಾಲ್ಕೂ ಊರಿನಲ್ಲಿ ಪೆಟ್ಟಿಗೆ ನಿಲ್ಲಿಸಿದ ದಿನ, ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಏನು ಬರಬೇಕು ಎಂಬುದನ್ನೂ ಹೇಳಿಬಿಟ್ಟೆ. ಊರ ಪೆಟ್ಟಿಗೆಯಲ್ಲಿ ಹೆಚ್ಚು ಬರುತ್ತದೆ, ಹೊಲದಲ್ಲಿ ಕಡಿಮೆ ಬರುತ್ತದೆ, ನೋಡುತ್ತಿರಿ ಎಂದೆ. ಎಲ್ಲರೂ ಹೌದ್ರಿ ಅಂದರು. ನಮ್ಮ ಕಡೆ ಮನೆಗೆ ಬಂದು ಚಹಾ ಕುಡಿಯುತ್ತಿರುವ ದೊಡ್ಡ ಮನುಷ್ಯನಿಗೆ ಅಲ್ರಿ ಎನ್ನುವ ರೂಢಿ ಇಲ್ಲ. ಬಂದವನ ಮಾತಿಗೆ ಹೌದು ಎನ್ನುವುದು ಬೆಲ್ಲ ನೀರು ಕೊಟ್ಟಷ್ಟೇ ಸಹಜ. ಆ ಮರ್ಯಾದೆಯನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ. ಈ ನೆಲದಲ್ಲೇ ಹುಟ್ಟಿ ಬೆಳೆದವನು ಇಷ್ಟು ತಿಳಿಯದೆ ಹೋದೆನೇ ಎಂದು ಈಗ ನಾಚಿಕೆಯಾಗುತ್ತದೆ.

ಮೂರು ಊರಿನ ಅಂಕಿಗಳು ನಾನು ಹೇಳಿದಂತೆಯೇ ಬಂದವು. ಸಿಂದಗಿಯದು ಮಾತ್ರ ತಿರುಗುಮುರುಗು. ತಿಂಗಳಿಗೊಮ್ಮೆ ಗೌರವ್ವ ವಹಿಯ ನಕಲು ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬೆಳಗಿನ ಹೊತ್ತು ಊರೇ ಬಿಸಿ — ಅದು ಸರಿ. ಆದರೆ ಮಧ್ಯಾಹ್ನ ಹೊಲದ ಪೆಟ್ಟಿಗೆಯಲ್ಲಿ ಪಾದರಸ ಊರಿಗಿಂತ ಎರಡು ಗೆರೆ ಮೇಲೆ. ಒಂದು ದಿನವಲ್ಲ, ಎರಡು ದಿನವಲ್ಲ. ಜೋಳ ಕಿತ್ತು ಹೊಲ ಬಯಲಾದಂದಿನಿಂದ ಹಾಗೆಯೇ.

ನಾನು ಕಾಗದ ಬರೆದೆ, ಸರಿಯಾಗಿ ನೋಡು ಎಂದು. ಸರಿಯಾಗಿಯೇ ನೋಡುತ್ತಿದ್ದೇನೆ ಎಂದು ಎರಡು ಸಾಲಿನ ಉತ್ತರ ಬಂತು. ಆ ಎರಡು ಸಾಲು ನನ್ನ ಮೈಯೊಳಗೆ ಮುಳ್ಳಿನಂತೆ ಉಳಿಯಿತು. ಮುಲ್ಕಿ ಪಾಸಾದವಳು ನನಗೆ ಉತ್ತರ ಕೊಡುವುದೆಂದರೇನು? ಅವಳ ಸುಳ್ಳು ಹಿಡಿಯಲೆಂದೇ ಹೊರಟೆ. ಬಸವ ಜಯಂತಿಯ ಮುಂಚಿನ ವಾರ ಅದು, ಬಿಸಿಲು ನೆತ್ತಿ ಸುಡುವ ದಿನಗಳು.

ಮೊದಲು ಇಂಡಿಗೆ ಹೋದೆ. ಅಲ್ಲಿ ಅಂಕಿ ಬರೆಯುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರರು. ನಾನು ಹೋದದ್ದು ಗುರುವಾರ. ಅವರ ವಹಿಯಲ್ಲಿ ಶನಿವಾರದವರೆಗಿನ ಉಷ್ಣತೆ ಬರೆದಾಗಿತ್ತು, ದುಂಡಗೆ, ಗೆರೆ ಎಳೆದು. ಶನಿವಾರ ಬಸುರಿ ಮಗಳ ಕುಬಸ ಇದೆ, ಬಂದುಹೋಗುವವರ ನಡುವೆ ಪುರಸೊತ್ತಾಗುವುದಿಲ್ಲ, ಕೆಲಸ ತಪ್ಪಬಾರದೆಂದು ಮುಂಚೆಯೇ ಬರೆದಿಟ್ಟೆ ಎಂದು ಅವರು ಯಾವ ಅಳುಕೂ ಇಲ್ಲದೆ ಹೇಳಿದರು. ಹೇಗೂ ಊರಲ್ಲಿ ಹೆಚ್ಚು, ಹೊಲದಲ್ಲಿ ಕಡಿಮೆ ಬರುವುದೇ ತಾನೇ, ನೀವೇ ಹೇಳಿದ್ದೀರಲ್ಲ ಎಂದರು. ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಅವರು ಕೊಟ್ಟ ಶೇಂಗಾ ಹೋಳಿಗೆ ತಿಂದೆ. ಅವರ ಅಂಕಿಗಳನ್ನು ಚೀಲಕ್ಕೆ ಹಾಕಿಕೊಂಡು ಸಿಂದಗಿಯ ಬಸ್ಸು ಹತ್ತಿದೆ.

ಸಿಂದಗಿಯಲ್ಲಿ ಇಳಿದಾಗ ಒಂದು ಗಂಟೆ ಮೀರಿತ್ತು. ಮಾಳಪ್ಪನವರ ಮನೆಗೆ ಹೋಗಲಿಲ್ಲ. ಊರ ಹಿಂಬದಿಯಿಂದ ಸುತ್ತಿ ನೇರವಾಗಿ ಹೊಲಕ್ಕೆ ಹೋದೆ. ಬದುವಿನ ಮೇಲೊಂದು ಬನ್ನಿ ಗಿಡವಿತ್ತು. ಅದರ ಹಿಂದೆ ಕುಳಿತೆ, ಕಳ್ಳನನ್ನು ಕಾಯುವ ಕಳ್ಳನ ಹಾಗೆ. ಕಪ್ಪು ನೆಲ ಬಿರಿದು ಬಾಯಿ ತೆರೆದಿತ್ತು. ಹಸಿರಿನ ಹೆಸರಿರಲಿಲ್ಲ. ಚಪ್ಪಲಿಯ ಅಟ್ಟೆ ದಾಟಿ ಕಾವು ಅಂಗಾಲಿಗೆ ಏರುತ್ತಿತ್ತು. ಆಗಲೇ ನನ್ನ ಅಂಗಾಲಿಗೆ ಉತ್ತರ ಗೊತ್ತಾಗಿತ್ತು; ಒಪ್ಪಿಕೊಳ್ಳದಿದ್ದದ್ದು ತಲೆ.

ಗೌರವ್ವ ಬಂದರು. ಸೆರಗು ತಲೆಯ ತುಂಬ ಹೊದ್ದು, ಕಂಕುಳಲ್ಲಿ ವಹಿ ಹಿಡಿದು, ಅವಸರವಿಲ್ಲದ ನಡಿಗೆಯಲ್ಲಿ. ಪೆಟ್ಟಿಗೆ ಹತ್ತಿರ ಬಂದು ಮೊದಲು ಉಸಿರು ಸರಿ ಮಾಡಿಕೊಂಡರು — ಬಿಸಿಯುಸಿರು ತಾಗಿದರೆ ಪಾದರಸ ಏರುತ್ತದೆ ಎಂದು ನಾನು ಹೇಳಿದ್ದೆ, ಹೇಳಿ ನಾನೇ ಮರೆತಿದ್ದೆ. ಬಾಗಿಲು ತೆರೆದರು. ಕಣ್ಣನ್ನು ಪಾದರಸದ ಸಮಕ್ಕೆ ತಂದು ನೋಡಿದರು. ಬರೆದರು. ಮತ್ತೊಮ್ಮೆ ನೋಡಿದರು. ಬಾಗಿಲು ಹಾಕಿ ಬಂದ ದಾರಿಯಲ್ಲೇ ತಿರುಗಿದರು. ಯಾರೂ ನೋಡುತ್ತಿಲ್ಲವೆಂದು ತಿಳಿದ ಮನುಷ್ಯರು ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವುದನ್ನು ನಾನು ಹೆಚ್ಚು ಕಂಡಿಲ್ಲ. ಅವರು ಕಣ್ಣಿಗೆ ಮರೆಯಾದ ಮೇಲೆ ನಾನು ಹೋಗಿ ಪೆಟ್ಟಿಗೆ ತೆರೆದೆ. ನೋಡಿದೆ. ಬೆವರು ಒರೆಸಿಕೊಂಡು ಮತ್ತೆ ನೋಡಿದೆ.

ಮನೆಗೆ ಹೋದಾಗ ಮಾಳಪ್ಪನವರು ಕಟ್ಟೆಯಿಂದ ಇಳಿದು ಬಂದು ಕೈ ಹಿಡಿದು ಕೂರಿಸಿಕೊಂಡರು. ಓಣಿಯ ನಾಲ್ವರು ಹಿರಿಯರು ಅಲ್ಲಿದ್ದರು. ಒಳಗಿನಿಂದ ಚಹಾ ಬಂತು. ಅಂಗಳಕ್ಕೆಲ್ಲ ನೀರು ಚಿಮುಕಿಸಿ ಸಾರಿಸಿದ್ದರು, ಆದರೆ ಬಿಸಿಲ ಪೆಟ್ಟಿಗೆಯ ಸುತ್ತ ನಾಲ್ಕು ಮೊಳ ನೆಲವನ್ನು ಒಣಗಿದ್ದಂತೆಯೇ ಬಿಟ್ಟಿದ್ದರು. ತೇವ ತಾಗಿದರೆ ಅಂಕಿ ತಪ್ಪುತ್ತದೆ ಎಂದು ಯಾರೂ ಗೌರವ್ವನಿಗೆ ಹೇಳಿಕೊಟ್ಟಿರಲಿಲ್ಲ. ವಹಿ ಕೇಳಿದೆ, ಗೌರವ್ವ ತಂದುಕೊಟ್ಟು ಬಾಗಿಲ ಹತ್ತಿರ ನಿಂತರು. ಆ ದಿನದ ಅಂಕಿ ನಾನು ನೋಡಿದ ಅಂಕಿಯೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಹಿಂದಿನ ಹಾಳೆ ತಿರುವಿದೆ. ಒಂದು ದಿನದ ಸಾಲು ಖಾಲಿ. ಅದರ ಎದುರು ಬರೆದಿತ್ತು: ‘ಜ್ವರ. ಹೋಗಿಲ್ಲ.’

ಸುಳ್ಳು ಬರೆಯುವವರು ಸಾಲು ಖಾಲಿ ಬಿಡುವುದಿಲ್ಲ. ಇಂಡಿಯ ವಹಿಯಲ್ಲಿ ಒಂದೇ ಒಂದು ಖಾಲಿ ಸಾಲು ಇರಲಿಲ್ಲ.

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ನನ್ನ ಮಾರ್ಗದರ್ಶಕರು ನಾಲ್ಕು ಜನ ವಿದ್ವಾಂಸರ ಎದುರು, ನಮ್ಮ ಹುಡುಗ ಪುಸ್ತಕದ ಮಾತನ್ನು ಬಿಜಾಪುರದ ಬಯಲಿನಲ್ಲೂ ಸಾಧಿಸಿದ್ದಾನೆ ಎಂದು ಹೇಳಿಬಿಟ್ಟಿದ್ದರು. ಸಿಂದಗಿಯ ವಹಿ ನಿಜವಾದರೆ ಉಳಿದ ಮೂರು ವಹಿಗಳೂ ಉರುಳುತ್ತವೆ, ಅವುಗಳ ಜೊತೆ ನಾನೂ. ಸಿಂದಗಿಯನ್ನು ಕೈಬಿಡಬೇಕಾದರೆ ಒಂದು ಕಾರಣ ಬೇಕು. ಕಾರಣ ಬಾಗಿಲ ಹತ್ತಿರ ನಿಂತಿತ್ತು.

ಆಗ ಮಾಳಪ್ಪನವರು ಕೇಳಿದರು, ಮುಖ ಅರಳಿಸಿಕೊಂಡು: “ನಮ್ಮ ಸೊಸಿ ಕೆಲಸ ಹೆಂಗೈತ್ರಿ ಸಾಹೇಬ್ರ? ನಾಕ ಮಂದಿ ಕುಂತಾರ, ಕೇಳಲಿ, ಹೇಳ್ರಿ.”

ನಾನು ವಹಿ ಮುಚ್ಚಿದೆ.

“ಈ ಅಂಕಿ ಖರೆ ಅಲ್ರಿ ಮಾಳಪ್ಪನವರ. ಈಕಿ ಹೊಲಕ್ಕ ಹೋಗಿಲ್ಲ. ಮನ್ಯಾಗ ಕುಂತು ಬರದಾಳ.”

ಆಡಿದ ಮೇಲೆ ಆ ಮಾತು ನನ್ನ ಕೈಯಲ್ಲಿ ಉಳಿಯಲಿಲ್ಲ. ಗೌರವ್ವ ಅಳುತ್ತಾರೆ ಎಂದುಕೊಂಡಿದ್ದೆ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರು ಅಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದರು:

“ಸುಳ್ಳ ಬರಿಯಾಕ ಮೂರ ಮೈಲ ಯಾಕ ನಡೀಬೇಕ್ರಿ ಸರ?”

ಮಾಳಪ್ಪನವರು ನನ್ನ ಕಡೆ ತಿರುಗಿದರು. ಅವರ ದನಿ ಇಳಿದುಹೋಗಿತ್ತು. “ಹಂಗಾರ ದಿನಾ ಮಧ್ಯಾಹ್ನ ಈಕಿ ಎಲ್ಲಿ ಹೋಗ್ತಿದ್ಲ್ರಿ?”

ಆ ಕ್ಷಣಕ್ಕೆ ನನಗೆ ತಿಳಿಯಿತು, ನಾನು ಏನು ಮಾಡಿದೆ ಎಂದು. ನಾನು ಕೆಡವಬೇಕೆಂದಿದ್ದು ಒಂದು ವಹಿಯನ್ನು. ಬಿದ್ದದ್ದು ಒಬ್ಬ ಹೆಣ್ಣುಮಗಳ ಹೆಸರು. ಇನ್ನೂ ಹೊತ್ತು ಮೀರಿರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ, ಹೊಲಕ್ಕೇ ಹೋಗುತ್ತಾಳೆ ಎಂದು ಒಂದು ಮಾತು ಅಂದರೆ ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ನನ್ನ ಪ್ರಬಂಧ — ನನ್ನ ಮಾರ್ಗದರ್ಶಕರು — ನನ್ನ ಹೆಸರಿನ ಮುಂದೆ ಬರಬೇಕಾಗಿದ್ದ ‘ಡಾ.’ ಎಂಬ ಆ ಒಂದಕ್ಷರ —

“ಅದು ನಿಮ್ಮ ಮನಿ ಮಾತು. ನನಗೇನ ಗೊತ್ತು,” ಅಂದೆ. ವಹಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ನನಗೆ ಡಾಕ್ಟರೇಟು ಬಂತು. ಬಾಗೇವಾಡಿಯಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು. ನಾನು ಎದೆಯೆತ್ತಿ ನಡೆದೆ. ಮರುವರ್ಷ ಪೆಟ್ಟಿಗೆಗಳನ್ನು ತರಲು ಮುದ್ದೇಬಿಹಾಳಕ್ಕೆ ಹೋದಾಗ ಅಲ್ಲಿಯವರಿಂದ ಉಳಿದದ್ದು ತಿಳಿಯಿತು. ನಾನು ಎದ್ದು ಬಂದ ವಾರದೊಳಗೆ ಗೌರವ್ವನನ್ನು ತಂಗಡಗಿಗೆ, ತವರಿಗೆ ಕಳಿಸಿದ್ದರು. ಮಿರಗಕ್ಕೆ ನಿಂಗಪ್ಪ ಹಿಂಡಿನೊಂದಿಗೆ ತಿರುಗಿ ಬಂದ. ಸುದ್ದಿ ಕೇಳಿದ. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲವಂತೆ. ನನ್ನ ಪಾಲಿನ ಕುರಿ ಕೊಡಿ ಎಂದು ಅಪ್ಪನಿಗೆ ಹೇಳಿ, ಅವನ್ನು ಹೊಡೆದುಕೊಂಡು ತಂಗಡಗಿಗೆ ಹೋಗಿ ಅಲ್ಲೇ ನಿಂತ. ಹೆಂಡತಿಯ ಊರಲ್ಲಿ ಹೋಗಿ ನಿಂತ ಗಂಡಸನ್ನು ನಮ್ಮ ಕಡೆ ಜನ ಹೇಗೆ ಕರೆಯುತ್ತಾರೆ ಎಂದು ನಿಮಗೆ ಗೊತ್ತು. ಮನೆಯಳಿಯ ಎಂಬ ಹೆಸರನ್ನು ಅವನು ಹೊತ್ತ. ನಾನು ಬಿಟ್ಟುಹೋದ ಭಾರ ಅದು. ಮುದ್ದೇಬಿಹಾಳದಿಂದ ತಂಗಡಗಿ ದೂರವೇನಲ್ಲ. ನಾನು ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ಬಂದೆ.

ಇಲ್ಲಿಗೆ ಮುಗಿದಿದ್ದರೆ ಒಂದು ತಪ್ಪಾಗುತ್ತಿತ್ತು. ನಾನು ಇನ್ನೊಂದು ಮಾಡಿದೆ.

ಮೂರು ವರ್ಷದ ಮೇಲೆ ನನ್ನ ಮಾರ್ಗದರ್ಶಕರು ನಿವೃತ್ತರಾದರು. ಇನ್ನು ಹೆದರುವುದು ಯಾರಿಗೆ? ಗೌರವ್ವನ ವಹಿ ನನ್ನ ಕಪಾಟಿನಲ್ಲಿತ್ತು. ತೆಗೆದೆ. ಮೊದಲಿನಿಂದ ಕೊನೆಯವರೆಗೆ ಓದಿದೆ. ಅಂಥ ವಹಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಹೊತ್ತು, ಪಕ್ಕದ ಹೊಲ ಕುಂಟೆ ಹೊಡೆದದ್ದು ಯಾವಾಗ — ನಾನು ಕೇಳದಿದ್ದದ್ದನ್ನೂ ಅಂಚಿನಲ್ಲಿ ಬರೆದಿದ್ದರು. ಎಲ್ಲವೂ ಕಣ್ಣ ಮುಂದೆ ಬಿಚ್ಚಿಕೊಂಡಿತು. ಪುಸ್ತಕ ಬರೆದವರ ದೇಶದಲ್ಲಿ ಊರ ಹೊರಗಿನ ಬಯಲೆಂದರೆ ಹುಲ್ಲು, ಮರ, ಹಸಿ ನೆಲ. ನಮ್ಮಲ್ಲಿ ಬೇಸಿಗೆಗೆ ಬಯಲೆಂದರೆ ಬೆಳೆ ಕಿತ್ತ ಕರಿ ನೆಲ. ಅದು ಬಿಸಿಲನ್ನೆಲ್ಲ ಕುಡಿದು ಮಧ್ಯಾಹ್ನಕ್ಕೆ ಒಲೆಯಾಗುತ್ತದೆ. ಊರೊಳಗೆ ಮಣ್ಣಿನ ಮಾಳಿಗೆ, ಮೊಳ ದಪ್ಪದ ಗೋಡೆ, ಒಂದು ಮನೆಯ ನೆರಳು ಇನ್ನೊಂದರ ಮೇಲೆ ಬೀಳುವ ಇಕ್ಕಟ್ಟು ಓಣಿ. ಅಲ್ಲಿ ಮಧ್ಯಾಹ್ನ ಹೊಲಕ್ಕಿಂತ ತಂಪು. ಆದರೆ ಆ ಗೋಡೆಗಳು ಕುಡಿದ ಕಾವನ್ನು ಬೇಗ ಬಿಡುವುದಿಲ್ಲ, ಅದಕ್ಕೇ ಬೆಳಗಿನ ಜಾವ ಊರು ಬಿಸಿ. ಬೆಳಗ್ಗೆ ಒಂದು ಸತ್ಯ, ಮಧ್ಯಾಹ್ನ ಇನ್ನೊಂದು. ಎರಡನ್ನೂ ಆ ಹೆಣ್ಣುಮಗಳು, ಜ್ವರದ ಆ ಒಂದು ದಿನ ಬಿಟ್ಟರೆ, ದಿನ ತಪ್ಪದೆ ಹಿಡಿದಿಟ್ಟಿದ್ದರು.

ಅದನ್ನೇ ಬರೆದೆ. ಅವರ ಅಂಕಿಗಳನ್ನೇ ಇಟ್ಟೆ. ಅಂಕಿಗಳ ಕೆಳಗೆ ಒಂದು ಸಾಲು ಸೇರಿಸಿದೆ: ಲೇಖಕನೇ ಖುದ್ದಾಗಿ ದಾಖಲಿಸಿದ್ದು. ಮೊದಲು ಸುಳ್ಳು ಎಂದು ಕರೆದೆ, ಆಮೇಲೆ ನನ್ನದು ಎಂದು ಕರೆದೆ.

ಆ ಲೇಖನ ದೂರದ ಊರುಗಳಿಗೆ ಹೋಯಿತು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ಧೈರ್ಯವಂತ ಎಂದು ನನ್ನನ್ನು ಹೊಗಳಿದವರೂ ಇದ್ದಾರೆ. ಹಳೆಯ ಪ್ರಬಂಧಕ್ಕೆ ಬಿದ್ದದ್ದಕ್ಕಿಂತ ದೊಡ್ಡ ಹಾರ ಬಿತ್ತು. ಒಂದು ದಿನ ತರಗತಿಯಲ್ಲಿ ನಾನು ಅದನ್ನೇ ಹೇಳುತ್ತಿದ್ದೆ, ಮೀಸೆ ತಿರುವುತ್ತ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಆ ವರ್ಷ ತನ್ನ ಅಕ್ಕ ನಿಮ್ಮ ತರಗತಿಯಲ್ಲಿದ್ದಳು, ನೀವು ದಿನವೂ ಪಾಠ ಮಾಡಿದ್ದೀರಿ ಎನ್ನುತ್ತಾಳೆ, ಹಾಗಾದರೆ ಸಿಂದಗಿಯ ಹೊಲಕ್ಕೆ ದಿನವೂ ಮಧ್ಯಾಹ್ನ ಹೋದವರು ನೀವೇ ಏನು ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ ಅವಳಲ್ಲಿ, ಆಶ್ಚರ್ಯವಿತ್ತು. ಹೌದು ಅಂದೆ. ಅವಳು ಒಪ್ಪಿಕೊಂಡು ಕುಳಿತಳು. ಅವಳು ಕುಳಿತ ರೀತಿ — ನನ್ನ ಮೇಲಿನ ಆ ನಂಬಿಕೆ — ನಾನು ಪಾಠ ಮುಂದುವರಿಸಲಾರದೆ ಹೊರಗೆ ಬಂದೆ.

ಆ ಭಾನುವಾರ ತಂಗಡಗಿಗೆ ಹೋದೆ. ಆರು ವರ್ಷವಾಗಿತ್ತು. ಗೌರವ್ವ ಮನೆಯ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಗುರುತು ಹಿಡಿದರು. ಏಳಲಿಲ್ಲ, ಹೋಗಿರಿ ಎಂದೂ ಅನ್ನಲಿಲ್ಲ. ನೀರು ತರಿಸಿಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ: ಬನ್ನಿ ಗಿಡದ ಹಿಂದೆ ಕುಳಿತದ್ದು, ಅವರು ಬಂದದ್ದು, ನಾನು ಪೆಟ್ಟಿಗೆ ತೆರೆದು ನೋಡಿದ್ದು, ಆಮೇಲೆ ಅವರ ವಹಿಯನ್ನು ನನ್ನದೆಂದು ಬರೆದದ್ದು. ಅವರು ಮೊರದಿಂದ ಕೈ ತೆಗೆಯದೆ ಕೇಳಿದರು. ನಾನು ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ, ಅಂಕಿ ಖರೆ ಇದ್ದವೋ ಇಲ್ಲವೋ ಎಂದು. ಎಲ್ಲ ಖರೆ ಇದ್ದವು, ಈಗ ಅವು ದೇಶದ ಆಚೆಗೂ ಹೋಗಿವೆ ಎಂದೆ. ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ಕ್ಷಮೆಯ ಬೆಳಕಲ್ಲ ಅದು. ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ತನ್ನ ಕೆಲಸ ತಾನು ಬಲ್ಲವರ ಹೆಮ್ಮೆ. ನಾನು ಹೆಮ್ಮೆ ಎಂದು ಇಷ್ಟು ದಿನ ಹೊತ್ತು ತಿರುಗಿದ್ದು ಅದರ ಮೇಲಿನ ಹೊಟ್ಟು ಅಷ್ಟೇ ಎಂದು ಆಗ ತಿಳಿಯಿತು.

ಇಲ್ಲಿ ತಂಗಡಗಿಯಲ್ಲಿ ಹೊಳೆಯ ಉಸುಕು ಮಧ್ಯಾಹ್ನ ಊರಿಗಿಂತ ಹೆಚ್ಚು ಸುಡುತ್ತದೆ, ಆದರೆ ಹೊತ್ತು ಮುಳುಗಿದ ಮೇಲೆ ಎರೆ ಹೊಲಕ್ಕಿಂತ ಬೇಗ ಆರುತ್ತದೆ, ಬರಿಗಾಲಲ್ಲಿ ನಡೆದು ನೋಡಿದ್ದೇನೆ ಎಂದರು ಗೌರವ್ವ. ಪೆಟ್ಟಿಗೆ ಇಲ್ಲ, ವಹಿ ಇಲ್ಲ, ಆದರೂ ಅಳೆಯುವುದನ್ನು ಅವರು ನಿಲ್ಲಿಸಿರಲಿಲ್ಲ. ನನ್ನ ಸೀಮೆಯಲ್ಲಿ ಇಂಥವರೊಬ್ಬರು ಹುಟ್ಟಿದ್ದಾರಲ್ಲ ಎಂದು ಆ ಅಂಗಳದಲ್ಲಿ ನನಗೆ ಆದ ಅಭಿಮಾನ, ನನ್ನ ಯಾವ ಹಾರ ಬಿದ್ದಾಗಲೂ ಆಗಿರಲಿಲ್ಲ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈ ಮುಗಿದೆ. ಅವರು ಮೊರವನ್ನು ಕೆಳಗಿಟ್ಟರು.

“ನಾ ಹೊಲಕ್ಕ ಹೋಗೀನಿ ಅಂತ ನನಗ ಯಾಕ ಹೇಳಾಕತ್ತೀರಿ ಸರ? ನನಗ ಗೊತ್ತೈತಿ. ಎಲ್ಲಿ ಇಲ್ಲ ಅಂದೀರಿ, ಅಲ್ಲಿ ಹೋಗಿ ಹೇಳ್ರಿ.”

ಲೇಖನ ಅಚ್ಚು ಮಾಡಿದವರಿಗೆ ಮೊದಲು ಕಾಗದ ಬರೆದೆ: ಅಂಕಿಗಳನ್ನು ದಾಖಲಿಸಿದವರು ಗೌರವ್ವ ನಿಂಗಪ್ಪ, ಲೇಖಕ ಅಲ್ಲ, ಲೇಖಕ ಬರೆದದ್ದು ಸುಳ್ಳು. ಅದು ಸುಲಭದ ಕೆಲಸ, ಕಾಗದಕ್ಕೆ ಮುಖವಿಲ್ಲ. ಕಷ್ಟದ್ದು ಸಿಂದಗಿಯ ಬಸ್ಸು.

ಮಾಳಪ್ಪನವರು ಅದೇ ಕಟ್ಟೆಯ ಮೇಲೆ ಇದ್ದರು, ಕಂಬಳಿ ಹಾಸಿಕೊಂಡು. ಕಣ್ಣು ಮಂಜಾಗಿತ್ತು, ದನಿಯಿಂದ ನನ್ನನ್ನು ಗುರುತಿಸಿದರು. ಅಂದಿನ ನಾಲ್ವರಲ್ಲಿ ಇಬ್ಬರು ಇದ್ದರು. ಇನ್ನು ಒಂದಿಬ್ಬರನ್ನು ನಾನೇ ಕರೆದೆ. ನಿಂತುಕೊಂಡೇ ಹೇಳಿದೆ. ಅವಳು ಹೊಲಕ್ಕೆ ಹೋಗಿದ್ದಳು, ನಾನು ಕಣ್ಣಾರೆ ನೋಡಿದ್ದೆ, ನೋಡಿಯೂ ಸುಳ್ಳು ಹೇಳಿದೆ, ನನ್ನ ಹೆಸರು ದೊಡ್ಡದಾಗಲಿ ಎಂದು ಹೇಳಿದೆ. ದನಿ ನಡುಗಲಿಲ್ಲ. ಇಷ್ಟು ವರ್ಷ ಜನರ ಮುಂದೆ ನಿಂತು ಮಾತಾಡಿದವನ ದನಿ ಅದು, ನಡುಗಿದ್ದರೆ ಚೆನ್ನಾಗಿತ್ತು.

ಮಾಳಪ್ಪನವರು ಬೈಯುತ್ತಾರೆ ಎಂದುಕೊಂಡೆ. ಆವತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡು ಉತ್ತರವನ್ನೂ ಹುಡುಕಿಟ್ಟುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ನನಗಲ್ಲ, ತಮಗೇ ಹೇಳಿಕೊಂಡಂತೆ ಹೇಳಿದರು:

“ಆಕಿ ಬಾಗಲದಾಗ ನಿಂತಿದ್ಲು. ಎಲ್ಲಿ ಹೋಗಿದ್ದಿ ಅಂತ ಆಕಿನ್ನ ಕೇಳಲಿಲ್ಲ ನಾನು. ಕಲ್ತವ್ರು ಅಂತ ನಿಮ್ಮನ್ನ ಕೇಳಿದೆ.”

ಕೋಲು ಹುಡುಕಿಕೊಂಡು ಎದ್ದರು. ಕಂಬಳಿ ಹೆಗಲ ಮೇಲೆ ಹಾಕಿಕೊಂಡರು. ತಂಗಡಗಿಗೆ ಹೋಗಲು ಮುದ್ದೇಬಿಹಾಳದ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳಿದರು. ನಾನು ಕರೆದುಕೊಂಡು ಹೋಗುತ್ತೇನೆ ಎಂದು ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಪಕ್ಕದ ಮನೆಯವನ ತೋಳು ಹಿಡಿದುಕೊಂಡು ಓಣಿಯ ತಿರುವಿನಲ್ಲಿ ಇಳಿದುಹೋದರು.

ನಾನು ಕಟ್ಟೆಯ ಮೇಲೆಯೇ ಕುಳಿತೆ. ಹೋಗುವವರು ಬರುವವರು ನಿಂತು, ಸಾಹೇಬರು ಬಹಳ ದಿನಕ್ಕೆ ಬಂದಿರಿ, ಏನು ಕೆಲಸ ಎಂದು ಕೇಳಿದರು. ಕೇಳಿದ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ.